ನೊಣ, ಹಿಟ್ಟುಹುಳಿ ಮತ್ತು ಏಡಿಗಂತಿಯ ಮದ್ದು
(ಭಾಗಮಂಡಲದಲ್ಲಿ ನಡೆದ ನಮ್ಮ ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)

 

ವಿಜ್ಞಾನದ ವಿಷಯ ಕೊಟ್ಟು ಭಾಷೆ ಕಲಿಸುವ ಶಿಕ್ಷಕಿಯನ್ನು ವೇದಿಕೆಗೆ ಕರೆದಿದ್ದೀರಿ. ಆದ್ದರಿಂದ ಭಾಷೆಯಿಂದಲೇ ಆರಂಭಿಸುತ್ತೇನೆ. ಕ್ಯಾನ್ಸರ್ ರೋಗಕ್ಕೆ ಉರ್ದುವಿನಲ್ಲಿ ‘ಸರತಾನ್’ ಎನ್ನುತ್ತೇವೆ. ಅದು ಅರಬ್ಬಿಯಿಂದ ಬಂದ ಪದ, ಅರ್ಥ ಏಡಿ. ಕನ್ನಡದಲ್ಲಿ ‘ಏಡಿಗಂತಿ’ ಎಂಬ ಪದವಿದೆ, ಅಲ್ಲಿಯೂ ಏಡಿಯೇ. ‘ಕ್ಯಾನ್ಸರ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಏಡಿ. ಇವೆಲ್ಲವುಗಳ ಹಿಂದೆ ಗ್ರೀಕ್ ವೈದ್ಯ ಹಿಪ್ಪೊಕ್ರೇಟಿಸನ ಪರಂಪರೆಯ ‘ಕಾರ್ಕಿನೋಸ್’ ಎಂಬ ಪದವಿದೆ. ಗಂಟಿನ ಸುತ್ತ ಉಬ್ಬಿಕೊಂಡ ರಕ್ತನಾಳಗಳು ಏಡಿಯ ಕಾಲುಗಳ ಹಾಗೆ ಕಂಡದ್ದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ಅಂದರೆ ಎರಡು ಸಾವಿರ ವರ್ಷಗಳ ಕಾಲ ಮನುಷ್ಯ ಈ ರೋಗವನ್ನು ಹೊರಗಿನಿಂದ ನೋಡಿ ಹೆಸರಿಟ್ಟ, ಒಳಗೆ ಏನು ನಡೆಯುತ್ತಿದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಅದು ತಿಳಿದದ್ದು ಕಳೆದ ನೂರು ವರ್ಷಗಳಲ್ಲಿ. ತಿಳಿಸಿಕೊಟ್ಟವುಗಳಲ್ಲಿ ಕೊಳೆತ ಬಾಳೆಹಣ್ಣಿನ ಮೇಲೆ ಹಾರುವ ಪುಟ್ಟ ನೊಣವೂ, ಬ್ರೆಡ್ಡು ಉಬ್ಬಿಸುವ ಹಿಟ್ಟುಹುಳಿ ಅಂದರೆ ಯೀಸ್ಟ್ ಕೂಡ ಸೇರಿವೆ ಎಂದರೆ ನಿಮಗೆ ನಗು ಬರಬಹುದು. ಜೇನು ಸಾಕುವುದನ್ನು ಕಲಿತ ಈ ಭಾಗಮಂಡಲದವರಿಗಾದರೂ ನೊಣ ಸಾಕುವವರ ಕಷ್ಟ ಅರ್ಥವಾದೀತು.

ಮೊದಲು ರೋಗದ ವಿಷಯ. ನಮ್ಮ ಶರೀರ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಪ್ರತಿ ಕೋಶದಲ್ಲಿಯೂ ಡಿಎನ್‌ಎ ಎಂಬ ಉದ್ದನೆಯ ಬರಹವಿದೆ, ಆ ಬರಹದ ವಾಕ್ಯಗಳೇ ವಂಶವಾಹಿಗಳು ಅಥವಾ ಜೀನ್‌ಗಳು. ಮನುಷ್ಯನಲ್ಲಿ ಇವು ಸುಮಾರು 20,000. ಕೆಲವು ಜೀನ್‌ಗಳು ಕೋಶಕ್ಕೆ ‘ಬೆಳೆ, ಇಬ್ಭಾಗವಾಗು’ ಎನ್ನುತ್ತವೆ, ಕೆಲವು ‘ಸಾಕು, ನಿಲ್ಲು’ ಎನ್ನುತ್ತವೆ. ಇನ್ನು ಕೆಲವು ಬರಹದಲ್ಲಿ ಹರಿದದ್ದನ್ನು, ತಪ್ಪಾದದ್ದನ್ನು ತಿದ್ದುವ ದುರಸ್ತಿಯ ಕೆಲಸದವು. ಸಂಪಾಜೆ ಘಾಟಿ ಇಳಿಯುವ ಬಸ್ಸಿನ ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡು, ಬ್ರೇಕೂ ಹೋಗಿ, ಮೆಕ್ಯಾನಿಕ್ಕೂ ಇಲ್ಲದಿದ್ದರೆ ಏನಾಗುತ್ತದೋ ಕ್ಯಾನ್ಸರ್ ಕೋಶದಲ್ಲಿ ಆಗುವುದೂ ಅದೇ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ನಜರ್ ಬಿದ್ದದ್ದೂ ಅಲ್ಲ, ಯಾರದೋ ಪಾಪದ ಫಲವೂ ಅಲ್ಲ.

ಹಳೆಯ ಔಷಧಗಳು ಬೇಗ ಬೇಗ ಇಬ್ಭಾಗವಾಗುವ ಎಲ್ಲ ಕೋಶಗಳನ್ನೂ ಹೊಡೆಯುತ್ತಿದ್ದವು. ಕೂದಲಿನ ಬುಡದ ಕೋಶಗಳೂ ಬೇಗ ಬೆಳೆಯುವಂಥವಾದ್ದರಿಂದ ಕೂದಲು ಉದುರುತ್ತದೆ. ಈ ಔಷಧಗಳು ಅನೇಕರನ್ನು ಉಳಿಸಿವೆ, ಇಂದಿಗೂ ಉಳಿಸುತ್ತಿವೆ, ಅವುಗಳನ್ನು ಹೀಗಳೆಯಬಾರದು. ಆದರೆ ಯಾವ ಜೀನ್ ಕೆಟ್ಟಿದೆ ಎಂದು ಮೊದಲು ಗುರುತಿಸಿ, ಆ ಕೆಟ್ಟ ಜೀನ್ ಇರುವ ಕೋಶಕ್ಕೆ ಮಾತ್ರ ತಟ್ಟುವ ಮದ್ದು ಹುಡುಕುವುದು ಬೇರೆಯೇ ದಾರಿ. ಆ ದಾರಿಯಲ್ಲಿ ನೊಣ ಎಲ್ಲಿ ಬರುತ್ತದೆ?

1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಥಾಮಸ್ ಹಂಟ್ ಮಾರ್ಗನ್ ಅವರು ಕೆಂಪು ಕಣ್ಣಿನ ಹಣ್ಣುನೊಣಗಳ ನಡುವೆ ಬಿಳಿ ಕಣ್ಣಿನ ಒಂದು ಗಂಡು ನೊಣವನ್ನು ಕಂಡರು. ಅದರ ಸಂತತಿಯನ್ನು ಎಣಿಸುತ್ತಾ ಹೋಗಿ, ಜೀನ್‌ಗಳು ವರ್ಣತಂತುಗಳ ಮೇಲೆ ಇರುತ್ತವೆ ಎಂದು ತೋರಿಸಿದರು. 1933ರಲ್ಲಿ ಅವರಿಗೆ ನೊಬೆಲ್ ಬಂತು. ಅಂದಿನಿಂದ ಡ್ರೊಸೊಫಿಲಾ ಎಂಬ ಈ ನೊಣ ಪ್ರಯೋಗಾಲಯ ಬಿಟ್ಟು ಹೊರಗೆ ಹೋಗಿಲ್ಲ. ಸಾಕುವುದಕ್ಕೆ ಖರ್ಚಿಲ್ಲ, ಹತ್ತು ದಿನಗಳಲ್ಲಿ ಮೊಟ್ಟೆಯಿಂದ ನೊಣವಾಗುತ್ತದೆ, ಇರುವುದು ನಾಲ್ಕೇ ಜೊತೆ ವರ್ಣತಂತು. ಎಲ್ಲಕ್ಕಿಂತ ಮುಖ್ಯವಾಗಿ, ಮನುಷ್ಯನ ರೋಗಗಳಿಗೆ ಸಂಬಂಧಿಸಿದ ಜೀನ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ನೊಣದಲ್ಲಿಯೂ ಜೊತೆಗಾರ ಜೀನ್ ಇದೆ.

ಈ ವಿದ್ಯೆ ನಮ್ಮಿಂದ ದೂರದ್ದೆಂದು ತಿಳಿಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ವಿಭಾಗದವರು ದಶಕಗಳಿಂದ ಈ ನೊಣಗಳನ್ನು ಸಾಕುತ್ತಾ ಬಂದಿದ್ದಾರೆ. ರವೆ, ಬೆಲ್ಲ, ಅಗರ್ ಸೇರಿಸಿ ಬೇಯಿಸಿದ ಆಹಾರವನ್ನು ಬಾಟಲಿಗೆ ಹಾಕಿ ಸಾಕುತ್ತಾರೆ, ತುಪ್ಪ ಒಂದಿದ್ದರೆ ಕೇಸರಿಬಾತೇ ಸರಿ! ಪಶ್ಚಿಮ ಘಟ್ಟಗಳಲ್ಲಿ ತಿರುಗಿ ಅಲ್ಲಿಯ ಸಂಶೋಧಕರು ಗುರುತಿಸಿದ ಹೊಸ ಪ್ರಭೇದಗಳಲ್ಲಿ ನಾಗರಹೊಳೆಯ, ಮಡಿಕೇರಿಯ, ಕಾವೇರಿಯ ಹೆಸರು ಹೊತ್ತವು ಇವೆ. ಇನ್ನೊಂದು ಸಂಗತಿ ಕೇಳಿ. 1980ರ ದಶಕದಲ್ಲಿ ಪ್ರೊ. ಎಚ್.ಎ. ರಂಗನಾಥ್ ಮತ್ತು ಪ್ರೊ. ಎನ್.ಬಿ. ರಾಮಚಂದ್ರ ಅವರು ಎರಡು ಹತ್ತಿರದ ಸಂಬಂಧಿ ನೊಣಗಳನ್ನು ಕೂಡಿಸಿದರು. ಒಂದು ಎಂಟು ವರ್ಣತಂತುಗಳ ನಸೂಟ, ಇನ್ನೊಂದು ಜಪಾನಿನ ಓಕಿನಾವಾದ, ಆರು ವರ್ಣತಂತುಗಳ ಆಲ್ಬೊಮಿಕನ್ಸ್. ಇವುಗಳ ಮಿಶ್ರ ಸಂತತಿಯಿಂದ ಹಲವು ತಲೆಮಾರುಗಳ ನಂತರ ವರ್ಣತಂತುಗಳ ಹೊಸ ಜೋಡಣೆಯುಳ್ಳ ತಳಿಗಳು ನೆಲೆನಿಂತವು. ಜಗತ್ತಿನ ತಳಿವಿಜ್ಞಾನಿಗಳು ಓದಿದ ಆ ಪ್ರಬಂಧಗಳಲ್ಲಿ ನಸೂಟ ನೊಣದ ಊರು ಎಲ್ಲಿಯದೆಂದು ಬರೆದಿದೆ ಗೊತ್ತೇ? ಕೂರ್ಗ್. ನಮ್ಮ ಜಿಲ್ಲೆಯ ಕಾಡಿನ ನೊಣ! ಆ ಕೆಲಸ ಜೀವವಿಕಾಸದ್ದು, ಕ್ಯಾನ್ಸರಿನದ್ದಲ್ಲ, ಆ ನೊಣವೂ ಕ್ಯಾನ್ಸರ್ ಪ್ರಯೋಗಗಳಲ್ಲಿ ಬಳಸುವ ಮೆಲನೊಗ್ಯಾಸ್ಟರ್ ಅಲ್ಲ. ಆದರೆ ವರ್ಣತಂತುವನ್ನು ಓದುವ ಕಣ್ಣು, ತಳಿಯನ್ನು ಕಾಪಾಡುವ ತಾಳ್ಮೆ ಎರಡು ಕಡೆಯೂ ಒಂದೇ.

ಈಗ ನೊಣದಿಂದ ಔಷಧಕ್ಕೆ ಬರೋಣ. ಥೈರಾಯಿಡ್ ಗ್ರಂಥಿಯ ಒಂದು ಬಗೆಯ ಕ್ಯಾನ್ಸರಿನಲ್ಲಿ ‘ರೆಟ್’ ಎಂಬ ಜೀನ್ ಕೆಟ್ಟಿರುತ್ತದೆ. ಅಮೆರಿಕದ ರಾಸ್ ಕೇಗನ್ ಅವರ ತಂಡ ಈ ಕೆಟ್ಟ ಜೀನನ್ನು ನೊಣದ ಕಣ್ಣಿನಲ್ಲಿ ಮಾತ್ರ ಕೆಲಸ ಮಾಡುವಂತೆ ಇಟ್ಟಿತು. ಆರೋಗ್ಯವಂತ ನೊಣದ ಕಣ್ಣು ಜೇನುತಟ್ಟಿಯ ಹಾಗೆ ಸಾಲುಸಾಲಾಗಿ ಅಚ್ಚುಕಟ್ಟಾಗಿರುತ್ತದೆ, ಈ ನೊಣಗಳ ಕಣ್ಣು ಒರಟಾಗಿ ಕೆದರಿಹೋಯಿತು. ನಂತರ ಒಂದು ರಾಸಾಯನಿಕವನ್ನು ನೊಣದ ಆಹಾರದಲ್ಲಿ ಬೆರೆಸಿ ಕೊಟ್ಟಾಗ ಕಣ್ಣು ಬಹುಮಟ್ಟಿಗೆ ಸರಿಯಾಯಿತು. ಇದು 2005ರಲ್ಲಿ ಪ್ರಕಟವಾಯಿತು. ಆ ರಾಸಾಯನಿಕವೇ ವ್ಯಾಂಡೆಟನಿಬ್. ಮನುಷ್ಯರ ಮೇಲಿನ ಪರೀಕ್ಷೆಗಳ ನಂತರ 2011ರಲ್ಲಿ ಅಮೆರಿಕದಲ್ಲಿ ಆ ಥೈರಾಯಿಡ್ ಕ್ಯಾನ್ಸರಿಗೆ ಅದಕ್ಕೆ ಅನುಮತಿ ದೊರೆಯಿತು. ಔಷಧವನ್ನು ನೊಣವೇ ಕಂಡುಹಿಡಿಯಿತು ಎಂದು ಹೇಳಿದರೆ ಉತ್ಪ್ರೇಕ್ಷೆ, ಅದನ್ನು ತಯಾರಿಸಿದ್ದು ಔಷಧ ಕಂಪನಿ. ಆದರೆ ಕೆಟ್ಟ ರೆಟ್ ಜೀನಿನ ಆಟವನ್ನು ಬದುಕಿರುವ ಇಡೀ ಪ್ರಾಣಿಯೊಂದರಲ್ಲಿ ಅದು ತಡೆಯಬಲ್ಲದು ಎಂದು ಕಣ್ಣಾರೆ ತೋರಿಸಿದ್ದು ನೊಣ.

ಯೀಸ್ಟಿನ ಕಥೆ ನಮ್ಮ ಕಾಡಿನ ಒಂದು ಮರದ ಜೊತೆ ಹೆಣೆದುಕೊಂಡಿದೆ. ಪಶ್ಚಿಮ ಘಟ್ಟಗಳಲ್ಲಿ ‘ದುರ್ವಾಸನೆ ಮರ’ ಎಂಬ ಸಣ್ಣ ಮರವಿದೆ. ಹೆಸರೇ ಹೇಳುವಂತೆ ಹೂವಿನ ವಾಸನೆ ಸಹಿಸಲಾಗದು. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾನಿ ಅವರು ಚೀನಾದ ಒಂದು ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ಪದಾರ್ಥವನ್ನು ಬೇರ್ಪಡಿಸಿದ್ದರು, ಅದು ಗಡ್ಡೆಯ ಕೋಶಗಳನ್ನು ಕೊಲ್ಲುತ್ತಿತ್ತು. ಅದೇ ಪದಾರ್ಥ ನಮ್ಮ ದುರ್ವಾಸನೆ ಮರದಲ್ಲಿ ಹೇರಳವಾಗಿದೆ ಎಂದು 1970ರ ದಶಕದ ಆರಂಭದಲ್ಲಿ ಭಾರತೀಯ ರಸಾಯನವಿಜ್ಞಾನಿಗಳು ತಿಳಿಸಿದರು. ಆದರೆ ಅದು ಕೋಶದೊಳಗೆ ಹೋಗಿ ಯಾವುದನ್ನು ಹಿಡಿಯುತ್ತದೆ? ಡಿಎನ್‌ಎಯ ತಿರುಚು ಬಿಡಿಸುವ ‘ಟೊಪೊಐಸೊಮರೇಸ್-1’ ಎಂಬ ಕಿಣ್ವವನ್ನು ಎಂಬ ಊಹೆ ಇತ್ತು. ಆ ಊಹೆಯನ್ನು ಗಟ್ಟಿ ಮಾಡಿದ್ದು 1988ರ ಯೀಸ್ಟ್ ಪ್ರಯೋಗಗಳು. ಆ ಕಿಣ್ವದ ಜೀನನ್ನು ತೆಗೆದುಹಾಕಿದ ಯೀಸ್ಟಿಗೆ ಕ್ಯಾಂಪ್ಟೊಥೆಸಿನ್ ಹಾಕಿದರೆ ಏನೂ ಆಗಲಿಲ್ಲ, ಜೀನ್ ಇದ್ದ ಯೀಸ್ಟಿಗೆ ಮಾತ್ರ ಅದು ವಿಷವಾಯಿತು. ಬೀಗ ತೆಗೆದುಬಿಟ್ಟ ಮೇಲೆ ಕೀಲಿಕೈ ಕೆಲಸ ಮಾಡಲಿಲ್ಲವೆಂದರೆ ಕೀಲಿಕೈ ಯಾವ ಬೀಗದ್ದೆಂದು ಗೊತ್ತಾಯಿತಲ್ಲ, ಹಾಗೆ. ಕ್ಯಾಂಪ್ಟೊಥೆಸಿನ್‌ನಿಂದ ರೂಪಿಸಿದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್‌ಗಳಿಗೆ ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು, ಅಂಡಾಶಯದ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿಗೆ ಇವತ್ತಿಗೂ ಕೊಡುತ್ತಾರೆ. ಮರದ ಗತಿ ಅಷ್ಟು ಚೆನ್ನಾಗಿಲ್ಲ. ಬೇಡಿಕೆ ಬಂದ ಮೇಲೆ ಅದನ್ನು ಘಟ್ಟದುದ್ದಕ್ಕೂ ಎಗ್ಗಿಲ್ಲದೆ ಕಡಿದರು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡು ಬಂದ ವಿಷಯ. ಮೇಲ್ಸೇತುವೆ ಆಗುವ ಮೊದಲು ಇಲ್ಲಿಯ ಮಳೆಗಾಲ ಹೇಗಿತ್ತೆಂದು ನಿಮಗೇ ಗೊತ್ತು. ತ್ರಿವೇಣಿ ಸಂಗಮ ತುಂಬಿ ನಾಪೋಕ್ಲು ರಸ್ತೆ ಮುಳುಗಿದರೆ ಮಡಿಕೇರಿ ರಸ್ತೆ ಹಿಡಿಯಬೇಕು, ಅದೂ ಮುಳುಗಿದರೆ ಊರು ದ್ವೀಪ. ಒಂದು ರಸ್ತೆ ಹೋದರೆ ಬದುಕಬಹುದು, ಎರಡೂ ಹೋದರೆ ಅಕ್ಕಿಯೂ ಬಾರದು. ಜೀವಕೋಶದಲ್ಲಿಯೂ ಹಾಗೆಯೇ ಕೆಲವು ಜೀನ್‌ಗಳು ಜೋಡಿ ರಸ್ತೆಗಳಂತೆ ಇರುತ್ತವೆ. ಒಂದು ಕೆಟ್ಟರೂ ಕೋಶ ಬದುಕುತ್ತದೆ, ಎರಡೂ ಕೆಟ್ಟರೆ ಸಾಯುತ್ತದೆ. ಇದನ್ನು 1922ರಲ್ಲಿಯೇ ಮಾರ್ಗನ್ನರ ಶಿಷ್ಯ ಕ್ಯಾಲ್ವಿನ್ ಬ್ರಿಜಸ್ ಹಣ್ಣುನೊಣದಲ್ಲಿ ಗಮನಿಸಿದ್ದರು. 1997ರಲ್ಲಿ ಯೀಸ್ಟ್ ತಜ್ಞ ಲೀಲ್ಯಾಂಡ್ ಹಾರ್ಟ್‌ವೆಲ್, ಸ್ಟೀಫನ್ ಫ್ರೆಂಡ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಕ್ಯಾನ್ಸರ್ ಔಷಧವನ್ನು ಹೀಗೆಯೇ ಹುಡುಕಬೇಕೆಂದು ವಾದಿಸಿದರು. ಕ್ಯಾನ್ಸರ್ ಕೋಶದಲ್ಲಿ ಒಂದು ರಸ್ತೆ ಆಗಲೇ ಮುಳುಗಿದೆ. ಅದರ ಜೋಡಿ ರಸ್ತೆ ಯಾವುದೆಂದು ಯೀಸ್ಟಿನಲ್ಲಿ, ನೊಣದಲ್ಲಿ ಹುಡುಕಿ, ಅದನ್ನು ಔಷಧದಿಂದ ಮುಚ್ಚಿಬಿಡಿ. ಆರೋಗ್ಯವಂತ ಕೋಶಕ್ಕೆ ಇನ್ನೊಂದು ರಸ್ತೆ ಇರುವುದರಿಂದ ಅದು ಉಳಿಯುತ್ತದೆ, ಕ್ಯಾನ್ಸರ್ ಕೋಶ ಮಾತ್ರ ಸಾಯುತ್ತದೆ. ಹಾರ್ಟ್‌ವೆಲ್ ಅವರಿಗೆ ಕೋಶ ವಿಭಜನೆಯ ಸಂಶೋಧನೆಗಾಗಿ 2001ರಲ್ಲಿ ನೊಬೆಲ್ ಬಂತು.

ಲೇಖನದ ಮಾತು ಆಸ್ಪತ್ರೆಗೆ ಬರಲು ಮುಳುಗಿದ ರಸ್ತೆಯ ಹೆಸರು ಬೇಕಿತ್ತು. ಸ್ತನ ಕ್ಯಾನ್ಸರಿನಲ್ಲಿ ಆ ಹೆಸರನ್ನು ಕೊಟ್ಟದ್ದು ಪ್ರಯೋಗಾಲಯದ ಪ್ರಾಣಿಯಲ್ಲ, ಮನೆಗಳು. ಮೇರಿ-ಕ್ಲೇರ್ ಕಿಂಗ್ ಎಂಬ ವಿಜ್ಞಾನಿ 23 ಕುಟುಂಬಗಳ, 146 ಸ್ತನ ಕ್ಯಾನ್ಸರ್ ರೋಗಿಗಳ ಮಾಹಿತಿಯನ್ನು ಇಟ್ಟುಕೊಂಡು, ಈ ರೋಗ ತರುವ ಒಂದು ಜೀನ್ 17ನೇ ವರ್ಣತಂತುವಿನ ಮೇಲಿದೆ ಎಂದು 1990ರಲ್ಲಿ ತೋರಿಸಿದರು. ಅದೇ ಬಿಆರ್‌ಸಿಎ-1. ಮುಂದೆ ಬಿಆರ್‌ಸಿಎ-2 ಕೂಡ ಸಿಕ್ಕಿತು. ಇವೆರಡೂ ಡಿಎನ್‌ಎ ದುರಸ್ತಿಯ ಜೀನ್‌ಗಳು. ಇವು ಕೆಟ್ಟ ಕೋಶ ‘ಪಾರ್ಪ್’ ಎಂಬ ಇನ್ನೊಂದು ದುರಸ್ತಿ ಕಿಣ್ವವನ್ನು ನಂಬಿಕೊಂಡು ಬದುಕುತ್ತದೆ. ಪಾರ್ಪನ್ನು ತಡೆದರೆ ಇಂಥ ಕೋಶಗಳು ಸಾಯುತ್ತವೆ ಎಂದು 2005ರಲ್ಲಿ ಎರಡು ತಂಡಗಳು ತೋರಿಸಿದವು. 2014ರ ಕೊನೆಯಲ್ಲಿ ಓಲಾಪರಿಬ್ ಎಂಬ ಮಾತ್ರೆಗೆ, ಬಿಆರ್‌ಸಿಎ ದೋಷವಿರುವ ಅಂಡಾಶಯದ ಕ್ಯಾನ್ಸರಿಗಾಗಿ, ಯುರೋಪು ಅಮೆರಿಕಗಳಲ್ಲಿ ಅನುಮತಿ ದೊರೆಯಿತು. ನಂತರ ಸ್ತನ ಕ್ಯಾನ್ಸರಿಗೂ ದೊರೆಯಿತು.

ತಾಯಂದಿರೇ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ 23 ಕುಟುಂಬಗಳವರು ‘ನಮ್ಮಮ್ಮನಿಗೆ ಇತ್ತು, ಚಿಕ್ಕಮ್ಮನಿಗೆ ಇತ್ತು, ಅಕ್ಕನಿಗೆ ಇಷ್ಟನೇ ವಯಸ್ಸಿನಲ್ಲಿ ಬಂತು’ ಎಂದು ಬಾಯಿಬಿಟ್ಟು ಹೇಳಿದ್ದರು. ನಮ್ಮ ಮನೆಗಳಲ್ಲಿ ಏನಾಗುತ್ತದೆ? ಎದೆಯಲ್ಲಿ ಗಂಟು ಕಂಡರೆ ತಿಂಗಳುಗಟ್ಟಲೆ ದುಪಟ್ಟಾದ ಕೆಳಗೆ ಮುಚ್ಚಿಡುತ್ತೇವೆ. ತೀರಿಕೊಂಡವರ ಬಗ್ಗೆ ಕೇಳಿದರೆ ‘ಹೊಟ್ಟೆನೋವಿತ್ತು’, ‘ನಿಶ್ಶಕ್ತಿ’ ಎನ್ನುತ್ತೇವೆ. ರೋಗದ ಹೆಸರೆತ್ತಿದರೆ ಹುಡುಗಿಗೆ ಸಂಬಂಧ ಬರುವುದಿಲ್ಲ ಎಂಬ ಭಯ. ಆ ಭಯ ಸುಳ್ಳೆಂದು ನಾನು ಹೇಳುವುದಿಲ್ಲ, ಅಂಥ ಮಾತು ಆಡುವವರು ನಮ್ಮ ನಡುವೆಯೇ ಇದ್ದಾರೆ. ಆದರೆ ಲೆಕ್ಕ ಹಾಕಿ ನೋಡಿ. ಸ್ತನ ಕ್ಯಾನ್ಸರ್‌ಗಳಲ್ಲಿ ವಂಶದಿಂದ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ. ಹೆಚ್ಚಿನವು ಯಾರಿಂದಲೂ ಬಂದದ್ದಲ್ಲ, ಆದ್ದರಿಂದ ಒಬ್ಬ ಅಜ್ಜಿಗೆ ಬಂದರೆ ಇಡೀ ಮನೆತನಕ್ಕೆ ಕಳಂಕ ಹಚ್ಚುವುದು ಬರೀ ಅಜ್ಞಾನ. ನಿಜವಾಗಿ ವಂಶದಲ್ಲಿ ಇರುವ ಆ ಕೆಲವು ಮನೆಗಳಲ್ಲಿ, ದೋಷವಿರುವ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ತಂದೆಯ ಕಡೆಯಿಂದಲೂ ಬರುತ್ತದೆ, ಸೊಸೆಯ ತವರನ್ನು ಮಾತ್ರ ಬೈಯುವವರು ಇದನ್ನು ನೆನಪಿಡಬೇಕು. ಅಂಥ ಮನೆಯ ಮಗಳು ರೋಗಿಯಾಗಿ ವೈದ್ಯರ ಮುಂದೆ ಕುಳಿತಾಗ ‘ಮನೆಯಲ್ಲಿ ಯಾರಿಗಾದರೂ ಇತ್ತೇ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದರೆ, ಜೀನ್ ಪರೀಕ್ಷೆ ಬೇಕೇ ಎಂಬ ಯೋಚನೆಯೇ ಹಿಂದೆ ಬೀಳಬಹುದು. ಪರೀಕ್ಷೆ ಇಲ್ಲದಿದ್ದರೆ ಮುಳುಗಿದ ರಸ್ತೆ ಯಾವುದೆಂದು ತಿಳಿಯುವುದಿಲ್ಲ. ಅದು ತಿಳಿಯದೆ ಈ ಮಾತ್ರೆಯನ್ನು ಬರೆಯುವುದು ಹೇಗೆ? ನೂರು ವರ್ಷ ನೊಣ ಎಣಿಸಿ ಕಟ್ಟಿದ ವಿದ್ಯೆ ನಮ್ಮ ಒಂದು ಸುಳ್ಳಿನ ಮುಂದೆ ಕೈಚೆಲ್ಲುತ್ತದೆ. ದುಆ ಬೇಕು, ದವಾ ಕೂಡ ಬೇಕು. ದವಾಕ್ಕೆ ನಿಜ ಬೇಕು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಹೆಸರನ್ನು ನೀವೆಲ್ಲ ಕೇಳಿದ್ದೀರಿ, ನೆಹರೂ ಮಂತ್ರಿಮಂಡಲದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರದು. ಆ ಹೆಸರನ್ನು ಪಿಸುಮಾತಿನಲ್ಲಿ ಹೇಳುವ ಅಭ್ಯಾಸವನ್ನಾದರೂ ಬಿಡೋಣ.

ನೊಣಕ್ಕೆ ಹಿಡಿಸಿದ್ದು ಮನುಷ್ಯನಿಗೆ ಹಿಡಿಸೀತೇ ಎಂದು ಕೇಳುವವರಿದ್ದಾರೆ. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ಇದೇ ಪ್ರಶ್ನೆ ಕೇಳಿದ್ದರು. ‘ಅಲ್-ಕಾನೂನ್ ಫಿ ಅಲ್-ತಿಬ್ಬ್’ ಗ್ರಂಥದಲ್ಲಿ ಔಷಧವನ್ನು ಪರೀಕ್ಷಿಸುವ ನಿಯಮಗಳನ್ನು ಹೇಳುತ್ತಾ, ಪರೀಕ್ಷೆ ಮನುಷ್ಯನ ಶರೀರದ ಮೇಲೆಯೇ ನಡೆಯಬೇಕು, ಸಿಂಹದ ಮೇಲೋ ಕುದುರೆಯ ಮೇಲೋ ಕಂಡದ್ದು ಮನುಷ್ಯನಿಗೆ ಸಾಕ್ಷಿಯಾಗಲಾರದು ಎಂಬ ಅರ್ಥದ ಮಾತು ಬರೆದಿದ್ದಾರೆ. ಇಂದಿನ ವಿಜ್ಞಾನ ಅವರನ್ನು ಅಲ್ಲಗಳೆದಿಲ್ಲ. ನೊಣ, ಯೀಸ್ಟ್, ಇಲಿ ದಾರಿ ತೋರಿಸುತ್ತವೆ ಅಷ್ಟೆ, ತೀರ್ಪು ಕೊಡುವುದು ಮನುಷ್ಯರ ಮೇಲಿನ ಕ್ಲಿನಿಕಲ್ ಪರೀಕ್ಷೆ. ಆ ಹಂತಕ್ಕೆ ಬಂದ ಕ್ಯಾನ್ಸರ್ ಔಷಧಗಳಲ್ಲಿ ಹತ್ತಕ್ಕೆ ಒಂಬತ್ತು ಸೋಲುತ್ತವೆ.

ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. 2012ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ರಾಘವನ್ ಅವರ ತಂಡ ‘ಎಸ್‌ಸಿಆರ್-7’ ಎಂಬ ಅಣುವಿನ ಬಗ್ಗೆ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟಿಸಿತು. ತುಂಡಾದ ಡಿಎನ್‌ಎ ಜೋಡಿಸುವ ‘ಲೈಗೇಸ್-4’ ಎಂಬ ಕಿಣ್ವವನ್ನು ಅದು ತಡೆಯುತ್ತದೆ, ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ಕಡಿಮೆ ಮಾಡಿತು ಎಂಬುದು ವರದಿ. ದೊಡ್ಡ ಸುದ್ದಿಯಾಯಿತು. 2016ರಲ್ಲಿ ಅಮೆರಿಕದ ಸಂಶೋಧಕರು ಆ ಅಣುವಿನ ರಚನೆ ಬೇರೆಯೇ ಇದೆ, ಅದು ಹೇಳಿದಷ್ಟು ಪರಿಣಾಮಕಾರಿಯಲ್ಲ ಎಂದು ಬರೆದರು. ಬೆಂಗಳೂರಿನವರು ಉತ್ತರಿಸಿದರು, ಅಣುವಿನ ಬದಲಾದ ರೂಪಗಳ ಮೇಲೆ ಕೆಲಸ ಮುಂದುವರಿಸಿದರು. ಅದು ಇನ್ನೂ ರೋಗಿಗೆ ಕೊಡುವ ಔಷಧವಾಗಿಲ್ಲ. ನನ್ನ ದೃಷ್ಟಿಯಲ್ಲಿ ಇದು ನಾಚಿಕೆಯ ಕಥೆಯಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒರೆಗೆ ಹಚ್ಚುವುದೇ ಈ ವಿದ್ಯೆಯ ರೀತಿ. ಆದರೆ ‘ಮದ್ದು ಸಿಕ್ಕಿತು’ ಎಂಬ ಸುದ್ದಿ ಕಂಡಾಗ ಯಾವುದರಲ್ಲಿ ಸಿಕ್ಕಿತು, ಇಲಿಯಲ್ಲೋ ಮನುಷ್ಯನಲ್ಲೋ ಎಂದು ಮೊದಲು ನೋಡಿ. ಮೊಬೈಲಿನಲ್ಲಿ ಬರುವ ಲಕ್ಷ್ಮಣಫಲದ ಎಲೆಯ ಸಂದೇಶವನ್ನು ನಂಬಿ ಯಾರೂ ಚಿಕಿತ್ಸೆ ನಿಲ್ಲಿಸಬೇಡಿ. ಗಿಡಮರಗಳಲ್ಲಿ ಮದ್ದಿಲ್ಲವೆಂದು ನಾನು ಹೇಳುತ್ತಿಲ್ಲ, ದುರ್ವಾಸನೆ ಮರದ ಕಥೆ ಈಗ ತಾನೆ ಹೇಳಿದೆ. ಮರದಿಂದ ಮಾತ್ರೆಯಾಗಲು ಅದಕ್ಕೆ ಮೂವತ್ತು ವರ್ಷ ಹಿಡಿಯಿತು.

ವಿದ್ಯಾರ್ಥಿಗಳೇ, ಪಿಯುಸಿಯಲ್ಲಿ ಮೆಂಡಲನ ಬಟಾಣಿ ಪಾಠವನ್ನು ಐದು ಅಂಕಕ್ಕೆಂದು ಬಾಯಿಪಾಠ ಮಾಡುತ್ತೀರಿ. ಎಂಬಿಬಿಎಸ್ ಸೀಟು ಸಿಗದಿದ್ದರೆ ಜೀವನವೇ ಮುಗಿಯಿತೆಂದು ಅಳುವವರನ್ನು ಪ್ರತಿ ವರ್ಷ ನೋಡುತ್ತೇನೆ. ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ, ಎಂಎಸ್ಸಿಯಲ್ಲಿ ತಳಿವಿಜ್ಞಾನ ಓದಿದವರೂ ಕ್ಯಾನ್ಸರ್ ರೋಗಿಯ ಕೆಲಸವನ್ನೇ ಮಾಡುತ್ತಾರೆ, ರೋಗಿಯ ಮುಖ ನೋಡುವುದಿಲ್ಲ ಅಷ್ಟೆ. ಮೈಸೂರು ಇಲ್ಲಿಂದ ಒಂದು ದಿನದ ಪ್ರಯಾಣವೂ ಅಲ್ಲ. ಸಂಘದ ವಿದ್ಯಾರ್ಥಿವೇತನ ಕೊಡುವಾಗ ಇಂಜಿನಿಯರಿಂಗ್, ಮೆಡಿಕಲ್ ಜೊತೆಗೆ ಮೂಲ ವಿಜ್ಞಾನ ಓದುವ ಹೆಣ್ಣುಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅಧ್ಯಕ್ಷರಲ್ಲಿ ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ.

ಪ್ರೌಢಶಾಲೆಯ ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ಗಾಜಿನ ಬಾಟಲಿಯಲ್ಲಿ ಕಳಿತ ಬಾಳೆಹಣ್ಣಿನ ತುಂಡು ಇಟ್ಟು ಹಿತ್ತಿಲಲ್ಲಿ ಬಾಯಿ ತೆರೆದಿಡಿ. ಐದಾರು ನೊಣ ಒಳಗೆ ಹೋದ ಮೇಲೆ ಹತ್ತಿಯಿಂದ ಬಾಯಿ ಮುಚ್ಚಿ, ತಾರೀಖು ಬರೆದಿಟ್ಟುಕೊಳ್ಳಿ. ಹುಳು ಯಾವ ದಿನ ಕಂಡಿತು, ಗೋಡೆಗೆ ಹತ್ತಿ ಯಾವ ದಿನ ಕೋಶ ಕಟ್ಟಿತು, ಹೊಸ ನೊಣ ಯಾವ ದಿನ ಹೊರಬಂತು ಎಂದು ಗುರುತು ಮಾಡಿ. ಪುಸ್ತಕದಲ್ಲಿ ಹತ್ತು ದಿನ ಎಂದಿರುತ್ತದೆ, ಅದು 25 ಡಿಗ್ರಿ ಶಾಖಕ್ಕೆ. ನಮ್ಮ ಊರಿನ ಚಳಿಗೆ ಇನ್ನೂ ಕೆಲವು ದಿನ ಹಿಡಿಯಬಹುದು. ಹತ್ತಿಯನ್ನು ಬಿಗಿಯಾಗಿ ಇಡಿ, ಸಡಿಲವಾದರೆ ಅಡುಗೆಮನೆಯ ತುಂಬ ನೊಣವಾಗಿ ಅಮ್ಮನಿಂದ ಬೈಗುಳ ತಿನ್ನುವಿರಿ. ಬರೆದ ಲೆಕ್ಕವನ್ನು ನನಗೆ ತಂದು ತೋರಿಸಿ, ಕನ್ನಡದಲ್ಲಾದರೂ ಸರಿ, ಉರ್ದುವಿನಲ್ಲಾದರೂ ಸರಿ.